ಮಗನ ಆಣೆ, ತಾಯಿಯ ನಾಲಿಗೆ

2018ರ ಅಕ್ಟೋಬರಿನ ಒಂದು ಶನಿವಾರ, ಅಡಿಲೇಡ್‌ನ ಒಂದು ಬಾಡಿಗೆ ಸಭಾಂಗಣದಲ್ಲಿ, ಮನೆಯಲ್ಲೇ ಏಲ್ ತಯಾರಿಸುವ ಹವ್ಯಾಸಿಗಳ ಸ್ಪರ್ಧೆ ನಡೆಯಿತು. ಏಲ್ ಎಂದರೆ ಬಿಯರಿನಲ್ಲೇ ಒಂದು ಜಾತಿ, ಇಂಗ್ಲೆಂಡಿನವರು ತಮ್ಮ ಅಜ್ಜಂದಿರ ಆಸ್ತಿ ಎಂದು ನಂಬಿರುವಂಥದು. ಅದರ ‘ಬಿಟರ್’ ಎಂಬ ಹಳೆಯ ಬಗೆಯ ವಿಭಾಗದಲ್ಲಿ ಎರಡನೆಯ ಬಹುಮಾನ ಮೈಸೂರಿನ ಎಂಜಿನಿಯರೊಬ್ಬರಿಗೆ ಬಂತು. ಬಹುಮಾನ ಪಡೆದವರು ಅಂದಿನವರೆಗೆ ಏಲಿನ ಒಂದು ತೊಟ್ಟನ್ನೂ ನಾಲಿಗೆಗೆ ಸೋಕಿಸಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮೂರು ಊರುಗಳ ಕನ್ನಡ ಸಂಘಗಳು ಅವರಿಗೆ ಹೊದಿಸಿದ ಶಾಲುಗಳಿಗೆ ಮುಜುಗರವಾದೀತು.

ನಾನು ಅವರನ್ನು ಮೊದಲು ಕಂಡದ್ದು 2011ರಲ್ಲಿ, ಪರ್ತ್‌ನಲ್ಲಿ. ಗಣಿ ಕಂಪನಿಗಳು ಎಂಜಿನಿಯರುಗಳನ್ನು ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ ಅದು. ಅವರು, ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕು ಬಿಟ್ಟು ಬಂದಿದ್ದ ನಾನು, ಕರ್ನಾಟಕದ ಇಬ್ಬರು ವಿದ್ಯಾರ್ಥಿಗಳು ಒಂದೇ ಮನೆ ಹಂಚಿಕೊಂಡಿದ್ದೆವು. ಅವರ ಹೆಂಡತಿ, ಮಗಳು ಇನ್ನೂ ಮೈಸೂರಿನಲ್ಲಿದ್ದರು. ಬಂದ ದಿನವೇ ಅವರು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಮೇಲಿನ ಅರೆ ಸಸ್ಯಾಹಾರಕ್ಕೆ, ಕೆಳಗಿನ ಅರೆ ‘ಇತರೆ’ಗೆ. ಕೆಳಗಿನ ಅರೆಯಲ್ಲಿಟ್ಟ ಪದಾರ್ಥದ ವಾಸನೆ ಮೇಲಕ್ಕೆ ಬಂದರೆ ಅದಕ್ಕೆ ಸಂಬಂಧಪಟ್ಟವರೇ ಜವಾಬ್ದಾರರು ಎಂದು ಕೊನೆಯ ಸಾಲು. ಹಾಳೆಯ ಕೆಳಗೆ ದಿನಾಂಕ, ಸಹಿ ಎರಡೂ ಇದ್ದವು.

ಏಲಿನ ಸಹವಾಸ ಶುರುವಾದದ್ದು ಒಂದು ಉಡುಗೊರೆಯಿಂದ. ಅವರ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾಗುವಾಗ ತಮ್ಮ ಮನೆಯಲ್ಲಿದ್ದ ಸಲಕರಣೆಗಳನ್ನೆಲ್ಲ ಇವರಿಗೆ ಕೊಟ್ಟರು: ಮುಚ್ಚಳವಿದ್ದ ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಕೊಳವೆಗಳು, ಖಾಲಿ ಬಾಟಲಿಗಳು, ಮಡಿಕೆಯಲ್ಲಿ ಹರಿದುಹೋಗಿದ್ದ ಒಂದು ಸೂಚನಾಪತ್ರ. ಪುಕ್ಕಟೆ ಬಂದದ್ದನ್ನು ಎಸೆಯುವುದು ಅವರ ಸ್ವಭಾವದಲ್ಲಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕೆಣಕಿದ್ದು ಆ ಸೂಚನಾಪತ್ರ. ‘ಬೆಚ್ಚನೆಯ ಜಾಗದಲ್ಲಿ ಸುಮಾರು ಒಂದು ವಾರ ಇಡಿ’ ಎಂದು ಅದರಲ್ಲಿತ್ತು.

“ಬೆಚ್ಚನೆಯ ಅಂದ್ರೆ ಎಷ್ಟು ಡಿಗ್ರಿ? ಸುಮಾರು ಅಂದ್ರೇನು?” ಎಂದು ಅವರು ನನ್ನನ್ನು ಕೇಳಿದರು, ನಾನೇ ಬರೆದಿದ್ದೆನೇನೋ ಎಂಬಂತೆ. “ನೋಡಿ, ಇವರು ಸಾವಿರ ವರ್ಷದಿಂದ ಇದನ್ನ ಅಂದಾಜಿನ ಮೇಲೆ ಮಾಡ್ಕೊಂಡು ಬಂದಿದಾರೆ. ನಾಚಿಕೆ ಆಗ್ಬೇಕು.”

ಆ ನಾಚಿಕೆಯನ್ನು ಹೋಗಲಾಡಿಸುವ ಹೊಣೆ ಅವರು ಹೊತ್ತುಕೊಂಡರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಆಭರಣದಂಗಡಿಯ ತಕ್ಕಡಿಯಂಥದರಲ್ಲಿ ತೂಗಿದರು. ಅದನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ಗಂಜಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿದರು. ಯೀಸ್ಟ್ ಬೆರೆಸಿದ ಡ್ರಮ್ಮಿಗೆ ಒದ್ದೆ ಟವೆಲು ಸುತ್ತಿ, ಎದುರಿಗೆ ಫ್ಯಾನಿಟ್ಟು, ಪರ್ತ್‌ನ ಬೇಸಗೆಯಲ್ಲಿ ಮೂರು ಗಂಟೆಗೊಮ್ಮೆ ಉಷ್ಣತೆ ಬರೆದುಕೊಂಡರು. ಮನೆಯಲ್ಲಿ ಇದ್ದದ್ದು ಒಂದೇ ಫ್ಯಾನು. ನಾವು ಮೂವರು ಆ ಬೇಸಗೆಯನ್ನು ಬೆವರಿನಲ್ಲಿ ಕಳೆದೆವು, ಡ್ರಮ್ಮು ತಂಪಾಗಿತ್ತು.

ಬಾಟಲಿ ತುಂಬಿದ ದಿನ ಒಬ್ಬ ವಿದ್ಯಾರ್ಥಿ, “ಮೊದಲನೇ ಗುಟುಕು ನಿಮ್ದೇ ಅಂಕಲ್” ಎಂದ.

“ನಾನು ಕುಡಿಯಲ್ಲ.”

“ಹಾಗಾದ್ರೆ ಯಾಕೆ ಮಾಡಿದ್ರಿ?”

ಆಗ ನಮಗೆ ಆಣೆಯ ವಿಷಯ ತಿಳಿಯಿತು. ಮೈಸೂರು ಬಿಡುವಾಗ ಅವರ ತಾಯಿ ಮಗನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು, ಕುಡಿಯುವುದಿಲ್ಲ ಎಂದು ಹೇಳಿಸಿದ್ದರು. ಗಂಡನನ್ನು ಬೇಗ ಕಳೆದುಕೊಂಡು, ಒಬ್ಬನೇ ಮಗನನ್ನು ಓದಿಸಿದ ಹೆಂಗಸು. ಮಗ ಆ ಆಣೆಯನ್ನು ಗುತ್ತಿಗೆ ಪತ್ರದಂತೆ ಓದಿಕೊಂಡಿದ್ದರು. “ಕುಡೀಬಾರದು ಅಂದ್ಳು. ಮಾಡಬಾರದು ಅಂದಿಲ್ಲ. ಮಾತು ಮಾತೇ” ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ರುಚಿ ನೋಡದೆ ರುಚಿಯನ್ನು ತಿದ್ದುವುದು ಹೇಗೆ ಎಂಬುದಕ್ಕೂ ಅವರಲ್ಲಿ ಉತ್ತರವಿತ್ತು. “ನಮ್ಮನೇಲಿ ನೈವೇದ್ಯದ ಅಡುಗೆ ಯಾರಾದ್ರೂ ರುಚಿ ನೋಡಿ ಮಾಡ್ತಾರಾ? ಉಪ್ಪು, ಹುಳಿ, ಖಾರ ಎಲ್ಲಾ ಕೈ ಅಳತೆ. ದೇವರಿಗೆ ಇಡೋವರೆಗೂ ನಾಲಿಗೆಗೆ ತಾಗಿಸೋ ಹಾಗಿಲ್ಲ. ಆದ್ರೂ ಪುಳಿಯೋಗರೆ ಕೆಟ್ಟಿದ್ದು ನೋಡಿದೀರಾ? ಇದೂ ಹಾಗೇ.” ದೇವರು ಯಾರು ಎಂದು ನಾವು ಕೇಳಲಿಲ್ಲ. ಬಾಟಲಿ ನಮ್ಮ ಕೈಯಲ್ಲಿತ್ತು.

ರುಚಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಅವರು ಒಂದು ನಮೂನೆ ಮುದ್ರಿಸಿದ್ದರು: ಕಹಿ, ಸಿಹಿ, ಹುಳಿ, ಘಾಟು, ನೊರೆ, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ವಿದ್ಯಾರ್ಥಿಗಳು ಪುಕ್ಕಟೆ ಸಿಕ್ಕ ಬಾಟಲಿಗೆ ಕೃತಜ್ಞರಾಗಿ ಎಲ್ಲಕ್ಕೂ ಐದು ಹಾಕಿದರು. “ಹುಳಿಗೂ ಐದು, ಸಿಹಿಗೂ ಐದು! ಇದು ಏಲಾ, ಉಪ್ಪಿನಕಾಯಿಯಾ?” ಎಂದು ಅವರು ಸಿಟ್ಟಾದರು. ನಾನು ಪ್ರಾಮಾಣಿಕವಾಗಿ ತುಂಬಿದೆ. ನೊರೆಗೆ ಮೂರು, ಉಳಿದದ್ದಕ್ಕೆ ‘ಗೊತ್ತಾಗಲಿಲ್ಲ’. ನನ್ನ ಹೆಸರನ್ನು ಅವರು ಪಟ್ಟಿಯಿಂದ ತೆಗೆದುಹಾಕಿದರು.

ಗಣಿ ಕೆಲಸಗಳು ಇಳಿಮುಖವಾದಾಗ ಅವರು ಬ್ರಿಸ್ಬೇನ್‌ಗೆ ಬಂದರು. ನಾನು ಆರು ತಿಂಗಳು ಮೊದಲೇ ಅಲ್ಲಿದ್ದೆ. ಅಷ್ಟರಲ್ಲಿ ಅವರ ಹೆಂಡತಿ, ಮಗಳು ಬಂದಿದ್ದರು. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಡಾವಣೆಯಲ್ಲಿ ಮನೆ ಮಾಡಿದ್ದರು. ಆಗಲೇ ಅವರು ಸಾರ್ವಜನಿಕ ವ್ಯಕ್ತಿಯಾದದ್ದು. ರಾಜ್ಯೋತ್ಸವದಲ್ಲಿ ಸಂಸ್ಕಾರದ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡುತ್ತಿದ್ದರು. ಯಾರದೋ ಮನೆಯ ಬಾರ್ಬೆಕ್ಯೂ ಕೂಟದಲ್ಲಿ ಮೇಜಿನ ಮೇಲೆ ಬಿಯರ್ ಕಂಡರೆ ಕುರ್ಚಿಯನ್ನು ಎರಡು ಮಾರು ದೂರ ಎಳೆದುಕೊಂಡು ಕೂರುತ್ತಿದ್ದರು. ಅವರು ನಿಲ್ಲಿಸಿ ಬಂದ ಕಾರಿನ ಡಿಕ್ಕಿಯಲ್ಲಿ, ಮನೆಯಲ್ಲೇ ಬಿಯರ್ ಮಾಡುವವರ ‘ಹೋಂಬ್ರೂ’ ಕ್ಲಬ್ಬಿಗೆ ತಲುಪಿಸಬೇಕಾದ ಎರಡು ಡಜನ್ ಬಾಟಲಿಗಳಿರುತ್ತಿದ್ದವು. ಎರಡೂ ನಿಜ, ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಏಲ್ ಮಾತ್ರ ಸುಧಾರಿಸಲಿಲ್ಲ. ಕ್ಲಬ್ಬಿನವರು ಅವರ ಅಂಕಿಅಂಶಗಳನ್ನು ಮೆಚ್ಚುತ್ತಿದ್ದರು, ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತಿದ್ದರು. ಯಾರೂ ಏಕೆಂದು ಹೇಳುತ್ತಿರಲಿಲ್ಲ. ಒಂದು ಬಹುಮಾನ, ಮೂರನೆಯದಾದರೂ ಸರಿ, ತಮಗೆ ಸಿಗಲೇಬೇಕು ಎಂದು ಅವರು ಹಟ ಹಿಡಿದದ್ದು ಆಗಲೇ.

2014ರಲ್ಲಿ ತಾಯಿ ಬಂದರು, ಆರು ತಿಂಗಳ ವೀಸಾದ ಮೇಲೆ. ಬಂದ ಮೂರನೆಯ ದಿನ, ಭಾನುವಾರದ ಊಟಕ್ಕೆ ಮೊದಲು, ನನ್ನೆದುರಿಗೇ ಆಕೆ ಗ್ಯಾರೇಜಿನ ಬಾಗಿಲು ತೆರೆದರು. ಡ್ರಮ್ಮು ಗುಳುಗುಳು ಎನ್ನುತ್ತಿತ್ತು.

“ಏನೋ ಪುಟ್ಟ ಇದು? ಹಿಟ್ಟು ಉಕ್ಕೋ ಸದ್ದು ಬರ್ತಾ ಇದೆ?”

ಎಂಜಿನಿಯರರು ಡ್ರಮ್ಮಿನ ಟವೆಲು ಸರಿಮಾಡಿದರು. “ಅರಿಷ್ಟ ಅಮ್ಮ. ಬಾರ್ಲಿದು. ಇಲ್ಲಿಯೋರು ಮನೇಲೇ ಮಾಡ್ಕೋತಾರೆ.”

ತಾಯಿ ದ್ರಾಕ್ಷಾರಿಷ್ಟ, ಅಶೋಕಾರಿಷ್ಟಗಳನ್ನು ಬಲ್ಲವರು. ಬಾರ್ಲಿ ನೀರಿನ ಗುಣವನ್ನೂ ಬಲ್ಲವರು. ಪಕ್ಕದಲ್ಲಿ ತುಂಬಿಟ್ಟಿದ್ದ ಹಿಂದಿನ ಸಲದ ಬಾಟಲಿಯೊಂದನ್ನು ತೆರೆಸಿ ಮೂಗು ಒಯ್ದರು. “ಬೆಣ್ಣೆ ವಾಸನೆ ಬರ್ತಿದೆ. ಅರಿಷ್ಟದಲ್ಲಿ ಬೆಣ್ಣೆ ಯಾಕೋ ಬರತ್ತೆ? ಬೇಗ ತೆಗೆದಿದೀಯ ನೀನು. ಉಕ್ಕಿದ್ದು ತಾನಾಗಿ ಇಳಿಯೋವರೆಗೂ ಮುಟ್ಟಬಾರದು. ಮಂಡಿಗೆ ಒಳ್ಳೇದಾ ಇದು?”

“ತುಂಬಾ ಒಳ್ಳೇದು” ಎಂದರು ಮಗ.

ಊಟವಾದ ಮೇಲೆ ತಾಯಿ ಒಂದು ಪುಟ್ಟ ಬೆಳ್ಳಿ ಲೋಟದಲ್ಲಿ ಆ ‘ಔಷಧಿ’ ತೆಗೆದುಕೊಂಡರು. ಮಗ ಒಳಗೆ ಹೋಗಿ ದಪ್ಪ ಕೈಪಿಡಿಯೊಂದನ್ನು ತಿರುವಿ ಹಾಕಿ, ಓಡಿ ಬಂದರು. “ಬೆಣ್ಣೆ ವಾಸನೆ ವಿಷಯ ಇದೆ ಕಣ್ರೀ ಈ ಪುಸ್ತಕದಲ್ಲಿ! ಯೀಸ್ಟನ್ನ ಬೇಗ ಬೇರೆ ಮಾಡಿದ್ರೆ ಬರತ್ತಂತೆ. ಅಮ್ಮ ಹೇಳಿದ್ದೇ, ಅಕ್ಷರಶಃ!”

ಅಂದಿನಿಂದ ಅದೇ ಪದ್ಧತಿಯಾಯಿತು. ಮಧ್ಯಾಹ್ನದ ಊಟದ ನಂತರ ಬೆಳ್ಳಿ ಲೋಟ, ತಾಯಿಯ ತೀರ್ಪು, ಮಗನ ನೋಟ್‌ಬುಕ್ಕು. ‘ಹಸಿ ಸೇಬು ಕಚ್ಚಿದ ಹಾಗಿದೆ’ ಎಂದರೆ ಇನ್ನೂ ನಾಲ್ಕು ದಿನ. ‘ಜೋಳ ಬೇಯಿಸಿದ ನೀರು’ ಎಂದರೆ ಕುದಿ ಸಾಲದು. ‘ಹಳೇ ಕೊಬ್ಬರಿ’ ಎಂದರೆ ಗಾಳಿ ಸೇರಿದೆ. ಎಂಜಿನಿಯರರು ದುಬಾರಿ ತಂಪು ಯಂತ್ರ ತರಿಸಲು ಹೊರಟಾಗ ತಾಯಿ, “ಬೇಸಗೇಲಿ ಹಾಲು ಇಡ್ತೀವಲ್ಲ, ಹಾಗೆ ನೀರಿನ ತೊಟ್ಟೀಲಿ ಕೂರಿಸೋ” ಎಂದರು. ಕೂರಿಸಿದರು. ಮೈಸೂರಿನ ಅಡುಗೆಮನೆಯಲ್ಲಿ ಐವತ್ತು ವರ್ಷ ಮೂಗಿನಿಂದಲೇ ಉಪ್ಪು ಹುಳಿ ಕಂಡುಕೊಂಡಿದ್ದ ಹೆಂಗಸು, ಯಾವ ಪುಸ್ತಕವನ್ನೂ ಓದದೆ, ಇಂಗ್ಲೆಂಡಿನ ಏಲನ್ನು ತಿದ್ದತೊಡಗಿದರು.

ನಾನು ಒಮ್ಮೆ ಎಂಜಿನಿಯರರನ್ನು ಕೇಳಿದೆ: “ಆಣೆ ನಿಮ್ಮದು. ಕುಡಿಯೋರು ಅವರು. ಇದು ಸರಿನಾ?”

“ಅರಿಷ್ಟದಲ್ಲೂ ಇರತ್ತೆ ಕಣ್ರೀ. ಬಾಟಲಿ ಮೇಲೆ ಓದಿ, ಐದರಿಂದ ಹತ್ತು ಪರ್ಸೆಂಟ್. ನಂದು ಮೂರೂವರೆ. ಹಾಗೆ ನೋಡಿದ್ರೆ ನಂದೇ ಹೆಚ್ಚು ಸಾತ್ವಿಕ.”

ಅವರ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: “ಇವರು ಕುಡಿದಿದ್ರೆ ಮನೇಲಿ ಒಬ್ಬರು ಕುಡುಕರು ಇರ್ತಿದ್ರು, ಅಷ್ಟೆ. ಈಗ ಒಬ್ಬರು ಸುಳ್ಳುಗಾರರು, ಒಬ್ಬರು ಕುಡುಕರು.”

“ನೀವಾದರೂ ಹೇಳಬಹುದಲ್ಲ?” ಎಂದೆ.

“ಹೇಳೋಣ ಅಂತ ಎರಡು ಸಲ ಹೋದೆ. ಅತ್ತೆ ಎರಡು ಗಂಟೆಯಿಂದ ನಾಲ್ಕು ಗಂಟೆವರೆಗೆ ಗಾಢ ನಿದ್ದೆ. ಅದು ಕುಡಿಯೋಕೆ ಮುಂಚೆ ಆ ಹೊತ್ತಲ್ಲಿ ನನ್ನ ಅಡುಗೆಮನೆ ಡಬ್ಬಿಗಳನ್ನ ಜೋಡಿಸ್ತಾ ಇದ್ರು. ನೀವೇ ಹೇಳಿ.”

ಏಳು ವರ್ಷದ ಮಗಳು ಗ್ಯಾರೇಜಿನಿಂದ ಕೂಗಿದಳು: “ಡ್ಯಾಡ್, ಅಜ್ಜಿ ವಾಂಟ್ಸ್ ಹರ್ ಆರ್ವೋ ಡ್ರಿಂಕ್!” ಆರ್ವೋ ಎಂದರೆ ಆಸ್ಟ್ರೇಲಿಯದವರ ಬಾಯಲ್ಲಿ ಮಧ್ಯಾಹ್ನ.

ತಾಯಿ ಪ್ರತಿ ವರ್ಷ ಆರು ತಿಂಗಳು ಬಂದು ಹೋಗತೊಡಗಿದರು. ಎಂಜಿನಿಯರರ ಏಲ್ ವರ್ಷದಲ್ಲಿ ಆರು ತಿಂಗಳು ಚೆನ್ನಾಗಿರುತ್ತದೆ ಎಂಬುದನ್ನು ಕ್ಲಬ್ಬಿನವರು ಗಮನಿಸಿದರು. ಹವಾಮಾನದ ಪರಿಣಾಮ ಎಂದು ಊಹಿಸಿದರು. ಅದು ವೀಸಾದ ಪರಿಣಾಮ.

2016ರಲ್ಲಿ ಕೆಲಸ ಅವರನ್ನು ಅಡಿಲೇಡ್‌ಗೆ ಒಯ್ದಿತು. ನಾನು ಬ್ರಿಸ್ಬೇನ್‌ನಲ್ಲೇ ಉಳಿದೆ. ಕೆಲಸದ ಮೇಲೆ ವರ್ಷಕ್ಕೆ ಎರಡು ಮೂರು ಬಾರಿ ಅಲ್ಲಿಗೆ ಹೋದಾಗ ಅವರ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದೆ. ಅಡಿಲೇಡ್‌ನ ನೀರು ಗಡುಸು. ಅದಕ್ಕೆ ಯಾವ ಲವಣ ಎಷ್ಟು ಸೇರಿಸಬೇಕೆಂದು ಮಗ ಎರಡು ವಾರ ಕೋಷ್ಟಕ ಬರೆದರು. ತಾಯಿ ಬಂದವರೇ, “ನೀರು ಸರಿಯಿಲ್ಲ, ಕಾಫಿ ನೋಡಿದ್ರೇ ಗೊತ್ತಾಗಲ್ವಾ? ಫಿಲ್ಟರ್ ನೀರು ಅರ್ಧ ಬೆರೆಸು” ಎಂದು ಕೋಷ್ಟಕವನ್ನು ಮುಗಿಸಿದರು.

ಅಲ್ಲಿಯ ಕ್ಲಬ್ಬಿನ ಮುಖ್ಯ ತೀರ್ಪುಗಾರ ಗ್ಲೆನೆಲ್ಗ್ ಎಂಬ ಕಡಲ ತೀರದ ಬಡಾವಣೆಯ ಒಬ್ಬ ಮುದುಕ, ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದವನು. ಕುಡಿದು ಕಾರು ಓಡಿಸಬಾರದೆಂದು ಎಲ್ಲ ಸಭೆಗಳಿಗೂ ಟ್ರಾಮಿನಲ್ಲಿ ಬರುತ್ತಿದ್ದ. ಅವನು ಒಂದು ಪದ್ಧತಿ ಇಟ್ಟಿದ್ದ: ಬಹುಮಾನ ಬಂದವರು ತಮ್ಮ ಬಾಟಲಿಯನ್ನು ಎಲ್ಲರೆದುರು ತೆರೆದು, ಒಂದು ಗುಟುಕು ಕುಡಿದು, ಅದರ ಗುಣದೋಷಗಳನ್ನು ತಾವೇ ಹೇಳಬೇಕು. ತಾನು ಮಾಡಿದ್ದನ್ನು ತಾನೇ ಕುಡಿಯದವನಿಗೆ ಅವನ ಕೈಯಿಂದ ಬಹುಮಾನವಿಲ್ಲ. ಇಬ್ಬರು ಸೇರಿ ಮಾಡಿದ್ದರೆ ಇಬ್ಬರಲ್ಲಿ ಒಬ್ಬರು ಕುಡಿದರೆ ಸಾಕು.

ಎಂಜಿನಿಯರರು ಈ ಕೊನೆಯ ವಾಕ್ಯವನ್ನು ಓದಿಕೊಂಡರು. 2018ರ ಸ್ಪರ್ಧೆಯ ಅರ್ಜಿಯಲ್ಲಿ ಎರಡು ಹೆಸರು ಬರೆದರು. ಎರಡನೆಯದು ತಾಯಿಯದು.

“ಔಷಧಿ ಮಾಡೋರ ಸಭೆ ಅಮ್ಮ. ನೀನು ಬಂದು ಒಂದು ಗುಟುಕು ಕುಡಿದು ಹೇಗಿದೆ ಅಂತ ಹೇಳಿದ್ರೆ ಆಯ್ತು” ಎಂದು ಆಕೆಗೆ ಹೇಳಿದರು. ಆ ವಾರ ನಾನು ಅವರ ಮನೆಯಲ್ಲಿದ್ದೆ. ತಾಯಿ ಮೈಸೂರು ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂವಿಟ್ಟು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಒಂದು ಪಕ್ಕ ಸೊಸೆ, ಇನ್ನೊಂದು ಪಕ್ಕ ನಾನು. ಸಭೆಯಲ್ಲಿ ಉದ್ದನೆಯ ಗಡ್ಡದವರೇ ಹೆಚ್ಚು. ತಾಯಿ ನನ್ನ ಕಿವಿಯಲ್ಲಿ, “ಗಡ್ಡ ನೋಡಿದ್ರೇ ಗೊತ್ತಾಗತ್ತೆ, ಒಳ್ಳೇ ಪಂಡಿತರು” ಎಂದರು. ಸೊಸೆ ಕೆಮ್ಮಿದರು.

ಎರಡನೆಯ ಬಹುಮಾನ ಘೋಷಣೆಯಾಯಿತು. ಮಗ ಬಾಟಲಿ ತೆರೆದು, ಗಾಜಿನ ಲೋಟಕ್ಕೆ ಸುರಿದು, ತಾಯಿಯ ಕೈಗಿತ್ತರು. ಆಕೆ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದರು. ಕಣ್ಣು ಮುಚ್ಚಿ ತೆರೆದರು.

“ಚೆನ್ನಾಗಿದೆ. ಆದ್ರೆ ಕೊನೇಲಿ ಹಲಸಿನ ಬೀಜ ಸುಟ್ಟ ವಾಸನೆ ಒಂಚೂರು ಇದೆ. ಹುರಿದದ್ದು ಹೆಚ್ಚಾಯ್ತು.”

ಮಗ ಇಂಗ್ಲಿಷಿಗೆ ತಿರುಗಿಸಿದರು. ಮುದುಕ ತನ್ನ ಅಂಕಪಟ್ಟಿಯನ್ನು ಎತ್ತಿ ಸಭೆಗೆ ತೋರಿಸಿದ. ಮೊದಲ ಬಹುಮಾನ ತಪ್ಪಿದ ಕಾರಣ ಅದರಲ್ಲಿ ಒಂದೇ ಪದದಲ್ಲಿತ್ತು: ಸೀದದ್ದು. ಚಪ್ಪಾಳೆ ಬಿತ್ತು. ಮುದುಕ ತಾಯಿಯ ಎದುರು ಬಂದು ತಲೆಬಾಗಿ ಏನೋ ಕೇಳಿದ.

“ನಿನ್ನ ಆರೋಗ್ಯ ಹೇಗಿದೆ ಅಂತ ಕೇಳ್ತಿದಾರೆ ಅಮ್ಮ” ಎಂದರು ಮಗ.

ತಾಯಿ ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ಅಷ್ಟುದ್ದ ಕೇಳಿದ್ದಕ್ಕೆ ಇಷ್ಟೇನಾ? ಪೇಪರಿನವನಲ್ವಾ ನೀನು. ಏನಂದ್ರು ಸರಿಯಾಗಿ ಹೇಳಪ್ಪ.”

ನಾನು ಹೇಳಿದೆ. “ನೀವು ಎಷ್ಟು ವರ್ಷದಿಂದ ಬಿಯರ್ ಕುಡೀತಿದೀರಿ ಅಂತ ಕೇಳಿದ್ರು. ಇಂಥ ನಾಲಿಗೆ ಒಂದೆರಡು ವರ್ಷದಲ್ಲಿ ಬರೋದಲ್ಲ ಅಂದ್ರು.”

ತಾಯಿ ಲೋಟವನ್ನು ಮೇಜಿನ ಮೇಲಿಟ್ಟರು.

“ಎಷ್ಟು ವರ್ಷ ಆಯ್ತೋ?”

“ನಾಲ್ಕು” ಎಂದರು ಮಗ.

“ನೀನೂ ಕುಡೀತೀಯಾ?”

“ಇಲ್ಲಮ್ಮ! ನಿನ್ನ ತಲೆ ಮೇಲೆ ಕೈ ಇಟ್ಟಿದೀನಿ. ಇವತ್ತಿನವರೆಗೂ ಒಂದು ತೊಟ್ಟು ಮುಟ್ಟಿಲ್ಲ.” ಆ ಉತ್ತರದಲ್ಲಿ ಹೆಮ್ಮೆ ಇತ್ತು ಎಂದು ನಾನು ಅಂದೇ ಗುರುತು ಮಾಡಿಕೊಂಡಿದ್ದೇನೆ.

“ಸರಿ. ನಿನ್ನ ಬಾಯಿ ಶುದ್ಧವಾಗಿದೆ. ನನಗೆ ಬಾಯಿ ಮುಕ್ಕಳಿಸಬೇಕು.” ಮಗ ನೀರಿಗೆ ಎದ್ದರು. “ನೀನು ಬೇಡ” ಎಂದರು ತಾಯಿ. ಸೊಸೆಯನ್ನು ನೋಡಿ, “ನಿನಗೂ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ. ತಪ್ಪಾಯ್ತು.”

ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

“ಪೇಪರಿನವನು!” ಎಂದರು. ಅಷ್ಟೇ.

ಮುದುಕ ಏನಾಯಿತೆಂದು ನನ್ನನ್ನು ಕೇಳಿದ. ತಿಳಿದುಕೊಂಡ ಮೇಲೆ ಬಹುಮಾನದ ತಟ್ಟೆಯನ್ನು ಮಗನಿಗೆ ಕೊಡಲಿಲ್ಲ; ತಾಯಿಯ ಮುಂದೆ ಹಿಡಿದ. ಆಕೆ ಕೈಮುಗಿದು, ಬೇಡವೆಂದರು. ತಟ್ಟೆ ಕ್ಲಬ್ಬಿನ ಕಪಾಟಿನಲ್ಲಿದೆ. ದಾಖಲೆಯಲ್ಲಿ ಬಹುಮಾನ ಇಬ್ಬರ ಹೆಸರಿನಲ್ಲಿದೆ.

ಮರುದಿನದಿಂದ ತಾಯಿ ತಮ್ಮ ಅಡುಗೆ ತಾವೇ ಮಾಡಿಕೊಂಡರು. ಸೊಸೆ ಬಡಿಸಿದರೆ ಉಣ್ಣುತ್ತಿದ್ದರು, ಮಗ ತಂದಿಟ್ಟದ್ದನ್ನು ಮುಟ್ಟುತ್ತಿರಲಿಲ್ಲ. ಸೊಸೆಗೂ ಗೊತ್ತಿತ್ತಲ್ಲ ಎಂದು ಮಗ ನ್ಯಾಯ ಕೇಳಿದಾಗ, “ಕೇಳಿದ ತಕ್ಷಣ ನಿಜ ಹೇಳಿದ್ಲು. ನೀನು ಅವರು ಕೇಳಿದ್ದನ್ನೂ ಆರೋಗ್ಯ ಅಂತ ತಿರುಗಿಸಿದೆ” ಎಂದರಂತೆ. ಪ್ರಯಾಣದ ದಿನಾಂಕವನ್ನು ಮುಂಚಿನದಕ್ಕೆ ಬದಲಿಸಿಕೊಂಡು ಮೂರು ವಾರದಲ್ಲಿ ಮೈಸೂರಿಗೆ ಹೊರಟರು. ಮಗ ಫೋನು ಮಾಡಿದರೆ, “ಫೋನು ಅವಳ ಕೈಲಿ ಕೊಡು” ಎನ್ನುತ್ತಿದ್ದರು.

ಎಂಜಿನಿಯರರು ನನ್ನ ಮೇಲೆ ಕೆಲವು ತಿಂಗಳು ಮುನಿಸಿಕೊಂಡಿದ್ದರು. “ನೀವು ಒಂದು ವಾಕ್ಯ ಸ್ವಲ್ಪ ಎಡಿಟ್ ಮಾಡಿದ್ರೆ ಏನು ಹೋಗ್ತಿತ್ತು?” ಎಂದು ಬರೆದಿದ್ದರು. 2019ರ ಸ್ಪರ್ಧೆಗೆ ಅವರು ಹೆಸರು ಕೊಡಲಿಲ್ಲ. ಕ್ಲಬ್ಬಿಗೆ ಕಳಿಸಿದ ಪತ್ರದಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂದಿದೆ. ಆ ವರ್ಷದ ರಾಜ್ಯೋತ್ಸವದಲ್ಲಿ ಅವರು ಮಾತೃಭಕ್ತಿಯ ಬಗ್ಗೆ ಮಾತನಾಡಿದರು.

2019ರ ಡಿಸೆಂಬರಿನಲ್ಲಿ, ಮೊಮ್ಮಗಳು ಹಟ ಮಾಡಿ ಕರೆದಳೆಂದು, ತಾಯಿ ಮತ್ತೆ ಬಂದರು. ಕೆಲಸದ ಮೇಲೆ ಆ ವಾರ ಅಲ್ಲಿದ್ದ ನಾನೂ ಸಾಮಾನು ಎತ್ತಿಕೊಡಲು ಅಡಿಲೇಡ್ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಹೊರಗೆ ವಿಪರೀತ ಬಿಸಿಲು. ಮಗ ಅಲ್ಲೇ ಅಂಗಡಿಯಲ್ಲಿ ಕೊಂಡ ನೀರಿನ ಬಾಟಲಿಯನ್ನು ತಾಯಿಯ ಮುಂದೆ ಹಿಡಿದರು. “ಸೀಲ್ ಇದೆ ಅಮ್ಮ, ನೋಡು” ಎಂದರು.

ತಾಯಿ ಬಾಟಲಿಯನ್ನು ತೆಗೆದುಕೊಂಡು ಸೊಸೆಯ ಕೈಗೆ ಕೊಟ್ಟರು. ಸೊಸೆ ಮುಚ್ಚಳ ತಿರುಗಿಸಿ, ಎತ್ತಿ ಒಂದು ಗುಟುಕು ಕುಡಿದು, “ನೀರೇ ಅತ್ತೆ” ಎಂದರು. ಆಮೇಲೆ ತಾಯಿ ಕುಡಿದರು.